ಬಂಧುಗಳ ಮನೆ ಎಂಬ ಕಾಲಂ

ಕಳೆದ ತಿಂಗಳು ನನ್ನ ಪಕ್ಕದ ಟೇಬಲ್ಲಿನ ಸಹೋದ್ಯೋಗಿ ತಮ್ಮನ ಮದುವೆಗೆಂದು ಕೊರಿಯರಿನಲ್ಲಿ ಚರ್ಮದ ಚಪ್ಪಲಿ ತರಿಸಿದಳು. ಡಬ್ಬಿ ಬಿಚ್ಚಿದ್ದೇ ತಡ, ಕೋಣೆಯ ತುಂಬ ಹದ ಮಾಡಿದ ತೊಗಲಿನ ವಾಸನೆ. ಉಳಿದವರು ಮೂಗು ಮುಚ್ಚಿಕೊಂಡು ಫ್ಯಾನು ಜೋರು ಮಾಡಿ ಅಂದರು. ನಾನು ಮಾತ್ರ ಒಂದು ಚಪ್ಪಲಿ ಎತ್ತಿ ಮೂಗಿನ ಹತ್ತಿರ ಹಿಡಿದೆ. ಜಾಲಿ ತೊಗಟೆಯ ಒಗರು, ಎಣ್ಣೆಯ ಜಿಡ್ಡು, ಅದರ ಹಿಂದೆ ಎಲ್ಲೋ ಹೆಂಚಿನ ಮೇಲೆ ಸೀದ ಜೋಳದ ರೊಟ್ಟಿ. ರೊಟ್ಟಿಯ ವಾಸನೆ ಚಪ್ಪಲಿಯಲ್ಲಿ ಖಂಡಿತ ಇರಲಿಲ್ಲ, ಅದು ನನ್ನ ತಲೆಯಲ್ಲಿತ್ತು. "ಏನ್ರೀ, ಅದನ್ನೇನು ಮೂಸೋದು?" ಅಂತ ಆಕೆ ನಕ್ಕಳು. ನಾನೂ ನಕ್ಕೆ. ಆದರೆ ಮಧ್ಯಾಹ್ನ ಊಟದ ಡಬ್ಬಿಯನ್ನು ಬಿಚ್ಚದೆ ಹಾಗೇ ವಾಪಸು ಒಯ್ದೆ.

ನಾಲ್ಕು ವರ್ಷದ ಹಿಂದೆ, ದೀಪಾವಳಿ ಮುಗಿದ ವಾರದಿಂದ ಯುಗಾದಿಯ ತನಕ, ನಾನು ಅಥಣಿಯಲ್ಲಿದ್ದೆ. ಅಮ್ಮ ತೀರಿಕೊಂಡು ಎಂಟು ತಿಂಗಳಾಗಿತ್ತು. ದಾವಣಗೆರೆಯ ಮನೆಯಲ್ಲಿ ಅಣ್ಣ ಅತ್ತಿಗೆ ಇದ್ದರು, ಒಳ್ಳೆಯವರೇ. ಆದರೂ ನಾನು ಅಡುಗೆಮನೆಗೆ ಹೋದರೆ ಅತ್ತಿಗೆ "ಏನಾದರೂ ಬೇಕಿತ್ತಾ?" ಅಂತ ಕೇಳಲು ಶುರು ಮಾಡಿದ್ದರು. ಹುಟ್ಟಿದ ಮನೆಯಲ್ಲಿ ಆ ಪ್ರಶ್ನೆ ಕೇಳಿಸಿಕೊಂಡು ಇರುವುದು ನನ್ನಿಂದ ಆಗಲಿಲ್ಲ. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ಓಡಾಡುವವಳು ನಾನು. ದೂರದ ಊರಿನ ಐದು ತಿಂಗಳ ಕೆಲಸ ಅಂತ ಜಾಹೀರಾತು ಕಂಡಿದ್ದೇ, ಯಾವ ಊರು ಎಂದೂ ಸರಿಯಾಗಿ ನೋಡದೆ ಅರ್ಜಿ ಹಾಕಿಬಿಟ್ಟೆ.

ಕೆಲಸ ಇಷ್ಟು: ನಮ್ಮ ದೇಶಕ್ಕೂ ಜಪಾನಿಗೂ ನಡುವೆ ಪ್ರವಾಸಿಗರ ಓಡಾಟ ಹೆಚ್ಚಬೇಕೆಂದು ಎರಡೂ ಕಡೆಯವರು ಮಾತಾಡಿಕೊಂಡಿದ್ದರು. ಅಲ್ಲಿಂದ ಬಂದವರು ಇಲ್ಲಿ ಯಾವ ಊರಿಗೆ ಹೋದರು, ಎಲ್ಲಿ ಉಳಿದರು, ಎಷ್ಟು ರಾತ್ರಿ, ಎಷ್ಟು ಖರ್ಚು, ಮತ್ತೆ ಬರುತ್ತಾರಾ ಎಂಬುದನ್ನು ನಾವು ಬರೆದುಕೊಳ್ಳಬೇಕು. ಅದೇ ಜನ ವಾಪಸು ಹೋದ ಮೇಲೆ ಅಲ್ಲಿನವರು ಅದೇ ಪ್ರಶ್ನೆ ಕೇಳುತ್ತಾರೆ. ಎರಡನ್ನೂ ಜೋಡಿಸಿ, ಎಲ್ಲಿ ಪ್ರವಾಸಿಗರು ನಿಜವಾಗಿ ಬಂದು ಉಳಿಯುತ್ತಾರೋ ಅಲ್ಲಿ ಅನುಕೂಲ ಮಾಡಿಕೊಡುತ್ತಾರೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಇಷ್ಟೂ ತಾಲೂಕು ನನ್ನೊಬ್ಬಳ ಪಾಲಿಗೆ ಬಂದವು. ಅಥಣಿಯ ಚಪ್ಪಲಿಯ ಹೆಸರು ಹೊರಗೆ ಹೋಗಿದ್ದರಿಂದ ಈ ಕಡೆಗೂ ಯಾರಾದರೂ ಬರಬಹುದು ಎಂದು ಬೆಂಗಳೂರಿನ ಸಾಹೇಬರ ಅಂದಾಜು. ಲೆಕ್ಕದಲ್ಲಿ ಊರು ಪಾಸಾದರೆ ಚಪ್ಪಲಿ ಮಾಡುವವರ ಓಣಿಯಲ್ಲಿ ಒಂದು ದೊಡ್ಡ ಕೆಲಸದ ಶೆಡ್ಡು, ಮೇಲೆ ಬಂದವರಿಗೆ ಉಳಿಯಲು ಎರಡು ಕೋಣೆ. ತರಬೇತಿಯಲ್ಲಿ ಅದರ ಚಿತ್ರವನ್ನೂ ತೋರಿಸಿದ್ದರು.

ಬಂದವರು ಯಾರು? ಯಾರೂ ಇಲ್ಲ. ಮುಂಜಾನೆ ಬಸ್ಸು ಹತ್ತಿ ಕುಡಚಿ ಸ್ಟೇಷನ್ನಿಗೆ ಹೋಗಿ ಮೀರಜ ಕಡೆಯ ಗಾಡಿ, ಬೆಳಗಾವಿ ಕಡೆಯ ಗಾಡಿ ಎರಡನ್ನೂ ಕಾಯುತ್ತಿದ್ದೆ. ಒಂದು ದಿನ ನಿಪ್ಪಾಣಿಯ ಹೆದ್ದಾರಿಯ ಢಾಬಾ, ಇನ್ನೊಂದು ದಿನ ಕಾಗವಾಡ, ಮತ್ತೊಂದು ದಿನ ಚಿಕ್ಕೋಡಿಯ ಲಾಡ್ಜುಗಳು. ಕಬ್ಬು ಅರೆಯುವ ಕಾಲ. ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರು, ಒಂದೊಂದರ ಹಿಂದೆ ಎರಡು ಟ್ರಾಲಿ, ಎದೆ ನಡುಗಿಸುವ ಮರಾಠಿ ಹಾಡು. ಬಸ್ಸು ಅವುಗಳ ಹಿಂದೆ ತೆವಳುತ್ತ ಕರೋಶಿ ದಾಟುವಷ್ಟರಲ್ಲಿ ನನ್ನ ಅರ್ಧ ದಿನ ಮುಗಿದಿರುತ್ತಿತ್ತು. ಕಿಟಕಿಯಿಂದ ಸಕ್ಕರೆ ಕಾರ್ಖಾನೆಯ ಕಾಕಂಬಿಯ ಹುಳಿವಾಸನೆ. ಪಕ್ಕದಲ್ಲಿ ಕೂತವರು ಮರಾಠಿಯಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸುತ್ತಿದ್ದರು, ನನ್ನನ್ನು ಮಾತ್ರ ಏನೂ ಕೇಳುತ್ತಿರಲಿಲ್ಲ.

ಯಾರೂ ಸಿಗದ ದಿನವೂ ಆಫೀಸಿನವರು ಕೊಟ್ಟ ಟ್ಯಾಬಿನಲ್ಲಿ ಸೊನ್ನೆ ಒತ್ತಲೇಬೇಕು. ಒತ್ತಿದರೆ ಸಾಲದು, ಸುಳ್ಳಲ್ಲ ಎಂಬುದಕ್ಕೆ ಆ ಜಾಗದ ಫೋಟೋ ಕಳಿಸಬೇಕು. ಹೀಗಾಗಿ ಖಾಲಿ ಪ್ಲಾಟ್‌ಫಾರ್ಮು, ಖಾಲಿ ಬೆಂಚು, ಖಾಲಿ ಲಾಡ್ಜಿನ ಮೆಟ್ಟಿಲುಗಳ ನೂರಾರು ಫೋಟೋ ನನ್ನ ಬಳಿ ಸೇರಿದವು. ಅಥಣಿಯ ಬಾಡಿಗೆ ರೂಮಿಗೆ ಬಂದು ಅವನ್ನೇ ನೋಡುತ್ತ ಕೂರುತ್ತಿದ್ದೆ. ಯಾರೂ ಇಲ್ಲದ್ದನ್ನು ಫೋಟೋ ತೆಗೆದು ಕಳಿಸುವುದಕ್ಕೆ ಸಂಬಳ ತೆಗೆದುಕೊಳ್ಳುವವಳು ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು ಅನ್ನಿಸುತ್ತಿತ್ತು. ಫೋನು ಬಂದರೆ ಸಾಹೇಬರದು. "ಸೊನ್ನೆ ಜಾಸ್ತಿ ಆಗ್ತಿದೆಯಲ್ಲ" ಅನ್ನುತ್ತಿದ್ದರು, ಜನ ಬಾರದಿರುವುದು ನನ್ನ ಸೋಮಾರಿತನ ಅನ್ನುವ ಹಾಗೆ.

ಕಸ್ತೂರವ್ವನ ಪರಿಚಯವಾದದ್ದು ಚಪ್ಪಲಿ ಓಣಿಗೆ ಮೊದಲ ಸಲ ಹೋದಾಗ. ಹೊಸ್ತಿಲ ಬೆಳಕಿನಲ್ಲಿ ಕೂತು ತೊಗಲಿನ ಎಳೆಗಳನ್ನು ಜಡೆ ಹೆಣೆದಂತೆ ಹೆಣೆಯುತ್ತಿದ್ದಳು. ಚಪ್ಪಲಿಯ ಮೇಲಿನ ಆ ಹೆಣಿಗೆ ಹೆಂಗಸರ ಕೆಲಸ, ಅಡಿಯ ಅಟ್ಟೆ ಕತ್ತರಿಸಿ ಬಡಿಯುವುದು ಗಂಡಸರ ಕೆಲಸ. ಐವತ್ತೈದರ ಆಸುಪಾಸು, ಕಣ್ಣಿನ ಅಂಚಿನಲ್ಲಿ ಸದಾ ನೀರು. ಗಂಡ ಪರಸಪ್ಪ ಒಳಗೆ ಸುತ್ತಿಗೆ ಹಿಡಿದು ಕೂತಿರುತ್ತಿದ್ದ, ದಿನಕ್ಕೆ ನಾಲ್ಕು ಮಾತು. ನಾನು ಶೆಡ್ಡಿನ ವಿಷಯ ಹೇಳಿದೆ. ಹೇಳಬಾರದಿತ್ತು, ಆದರೆ ಯಾರ ಹತ್ತಿರವಾದರೂ ಏನಾದರೂ ಒಳ್ಳೆಯ ಸುದ್ದಿ ಹೇಳಬೇಕು ಅನ್ನಿಸಿತ್ತು. ಕಸ್ತೂರವ್ವನ ಕೈ ನಿಂತುಬಿಟ್ಟಿತು. ಮಳೆಗಾಲದ ನಾಲ್ಕು ತಿಂಗಳು ಈ ಓಣಿಯಲ್ಲಿ ಕೆಲಸವೇ ಇಲ್ಲ ಅಂದಳು. ತಗಡು ಸೋರುತ್ತದೆ, ತೊಗಲಿಗೆ ಬೂಷ್ಟು ಹಿಡಿಯುತ್ತದೆ, ಹೆಣೆದದ್ದೆಲ್ಲ ಮೆತ್ತಗಾಗಿ ಬಿಚ್ಚಿಕೊಳ್ಳುತ್ತದೆ. ಆ ನಾಲ್ಕು ತಿಂಗಳು ಗಂಡ ಹೆಂಡತಿ ಇಬ್ಬರೂ ತೆಲಸಂಗದ ಕಡೆ ಪರರ ಹೊಲಕ್ಕೆ ಕೂಲಿಗೆ ಹೋಗುತ್ತಾರೆ. ಸೋರದ ಒಂದು ಸೂರು ಇದ್ದರೆ ಸಾಕು, ವರ್ಷಪೂರ್ತಿ ಕುಳಿತು ತನ್ನ ಕೆಲಸ ತಾನು ಮಾಡಬಹುದು. ಅಂದಿನಿಂದ ನಾನು ಓಣಿಗೆ ಕಾಲಿಟ್ಟರೆ ಮೊದಲ ಮಾತು ಅದೇ. "ಬಾಯಾರ, ಶೆಡ್ ಬರ್ತೈತ್ಯೋ ಇಲ್ಲೋ?"

ಮೊದಮೊದಲು ಆಕೆ ಊಟಕ್ಕೆ ಕರೆದರೆ ಆಗಿದೆ ಅನ್ನುತ್ತಿದ್ದೆ. ಮಾಹಿತಿ ಕೊಡುವವರ ಮನೆಯಲ್ಲಿ ಏನೂ ತಿನ್ನಬಾರದು ಅಂತ ನಮಗೆ ನಿಯಮವಿತ್ತು. ಆಕೆ "ಹಂಗೇನ್ರಿ?" ಅಂತ ಅಷ್ಟಕ್ಕೇ ಬಿಡುತ್ತಿದ್ದಳು. ಊರೊಳಗಿನವರು ಆ ಓಣಿಗೆ ಬಂದು ಚಪ್ಪಲಿ ಒಯ್ಯುತ್ತಾರೆ, ನೀರು ಮುಟ್ಟುವುದಿಲ್ಲ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ನನ್ನನ್ನೂ ಆಕೆ ಅದೇ ಸಾಲಿಗೆ ಸೇರಿಸಿರಬೇಕು.

ಎಳ್ಳಮಾಸಿ ಹಬ್ಬದ ಹಿಂದಿನ ದಿನ ಸಾಹೇಬರು ಫೋನಿನಲ್ಲಿ ಚೆನ್ನಾಗಿ ಉಗಿದರು. ಊರೆಲ್ಲ ಹೊಲಕ್ಕೆ ಒಯ್ಯಲು ಅಡುಗೆ ಮಾಡಿಕೊಳ್ಳುವ ಗಡಿಬಿಡಿಯಲ್ಲಿತ್ತು, ನನಗೆ ರೂಮಿಗೆ ಹೋಗಲು ಮನಸ್ಸಿಲ್ಲ. ಕಸ್ತೂರವ್ವನ ಕಟ್ಟೆಯ ಮೇಲೆ ಸುಮ್ಮನೆ ಕೂತೆ. ಆಕೆ ಏನೋ ಕೇಳಿದಳು, ಉತ್ತರ ಕೊಡಲು ಬಾಯಿ ತೆರೆದರೆ ಅಳು. ಥೂ, ನನಗೇ ನಾಚಿಕೆಯಾಯಿತು. ಆಕೆ ಒಳಗೆ ಕರೆದು ಒಲೆಯ ಮುಂದೆ ಕೂರಿಸಿ ಗಂಗಾಳದಲ್ಲಿ ಸಜ್ಜಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಹಾಕಿದಳು. ನಾನು ಉಂಡೆ. ಎರಡನೇ ರೊಟ್ಟಿ ನಾನೇ ಕೇಳಿದೆ. ಅಮ್ಮ ಹೋದ ಮೇಲೆ ಮೊದಲ ಸಲ ಹೊಟ್ಟೆ ತುಂಬಿತು ಅನ್ನಿಸಿತು. ಮರುದಿನದಿಂದ ನಾನು ಹೊರಗಿನ ಮೇಡಮ್ಮಿಗೆ ಅನ್ನುವ "ಬಾಯಾರ" ಹೋಗಿ ಮನೆಯ ಮಗಳಿಗೆ ಅನ್ನುವ "ಯವ್ವಾ" ಆದೆ. ಸಂಜೆ ಬಸ್ಸು ಇಳಿದವಳು ಸೀದಾ ಅಲ್ಲಿಗೇ ಹೋಗುತ್ತಿದ್ದೆ. ಹೆಣೆಯುವುದನ್ನು ಕಲಿಯಲು ನೋಡಿದೆ, ನನ್ನ ಕೈಯಲ್ಲಿ ಅದು ಹಗ್ಗವಾಗುತ್ತಿತ್ತು, ಪರಸಪ್ಪ ಕೂಡ ನಗುತ್ತಿದ್ದ.

ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ ಕುಡಚಿಯಿಂದ ಫೋನು ಬಂತು. ಸ್ಟೇಷನ್ನಿನ ಮುಂದೆ ಆಟೋ ಓಡಿಸುವ ದಸ್ತಗೀರ ಚಾಚಾನಿಗೆ ನನ್ನ ನಂಬರು ಕೊಟ್ಟಿದ್ದೆ. "ಬಾಯಾರ, ಒಬ್ಬಾಕಿ ಇಳದಾಳ ನೋಡ್ರಿ. ಬೆನ್ನಿಗಿ ಬ್ಯಾಗ್ ಹಾಕ್ಕೊಂಡಾಳ, ಫೋನ್ಯಾಗ ಚಪ್ಪಲ್ ತೋರಿಸಿ ಅಥಣಿ ಅಂತಾಳ." ಬಂಗಾರ ಸಿಕ್ಕ ಹಾಗೆ ಕುಣಿದೆ. ನಾನು ಆಗ ರಾಯಬಾಗದಲ್ಲಿದ್ದೆ, ಆಕೆಯನ್ನು ಕಸ್ತೂರವ್ವನ ಮನೆಗೇ ಬಿಡಲು ಹೇಳಿದೆ. ಅಥಣಿ ಮುಟ್ಟುವಷ್ಟರಲ್ಲಿ ಆಕೆ ಕಸ್ತೂರವ್ವನ ಒಲೆಯ ಮುಂದೆ ಕೂತು ಝುಣಕದ ಖಾರಕ್ಕೆ ಮೂಗು ಒರೆಸಿಕೊಳ್ಳುತ್ತಿದ್ದಳು.

ಹೆಸರು ಯೂಕಿ, ಜಪಾನಿನವಳು. ಇಪ್ಪತ್ತೇಳು ವರ್ಷ, ತನ್ನೂರಿನಲ್ಲಿ ಕೈಚೀಲ ಮಾಡುವ ಕೆಲಸ. ಆ ಹೆಣಿಗೆ ಕಲಿಯಬೇಕೆಂದು ಒಂದೇ ಹಠದಿಂದ ಬಂದಿದ್ದಳು. ಲಾಡ್ಜಿಗೆ ಕರೆದೊಯ್ಯಲು ನಾನು ಎದ್ದರೆ ಕಸ್ತೂರವ್ವ ಸಿಟ್ಟಾದಳು. ಮನೆಗೆ ಬಂದವಳನ್ನು ಲಾಡ್ಜಿಗೆ ಕಳಿಸುವುದೆಂದರೇನು? ಯೂಕಿ ಅಲ್ಲೇ ಉಳಿದಳು. ವಿದೇಶಿಯರು ಉಳಿದರೆ ಪೊಲೀಸರಿಗೆ ಕೊಡಬೇಕಾದ ಫಾರಂ ಕಂಪ್ಯೂಟರ್ ಅಂಗಡಿಯಿಂದ ಹೋಯಿತು. ಅದು ಪೊಲೀಸರ ಲೆಕ್ಕ, ನಮ್ಮ ಲೆಕ್ಕ ಬೇರೆ, ಒಂದಕ್ಕೊಂದು ಮಾತಿಲ್ಲ. ಹಗಲೆಲ್ಲ ಇಬ್ಬರೂ ಹೊಸ್ತಿಲಲ್ಲಿ ಎದುರು ಬದುರು ಕೂತು ಹೆಣೆಯುತ್ತಿದ್ದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಕಸ್ತೂರವ್ವ ಆಕೆಯನ್ನು ಯೂಕವ್ವ ಅನ್ನುತ್ತಿದ್ದಳು. ಯೂಕವ್ವ "ಸಾಕಬೇ", "ಇನ್ನೊಂದ ಹಾಕಬೇ" ಎರಡನ್ನೂ ಬೇಗ ಕಲಿತಳು. ಆಕೆ ಫೋಟೋ ಹಾಕಿದ್ದನ್ನು ನೋಡಿ ಆಕೆಯ ದೇಶದವರೇ ಇನ್ನೂ ನಾಲ್ವರು ಬಂದು ಓಣಿಯ ಬೇರೆ ಮನೆಗಳಲ್ಲಿ ಉಳಿದರು. ಆ ಒಂದೂವರೆ ತಿಂಗಳು ನನಗೂ ರೂಮು ನೆನಪಾಗಲಿಲ್ಲ.

ನಾನು ಟ್ಯಾಬು ತೆಗೆದು ಪ್ರಶ್ನೆ ಕೇಳಿದ್ದು ಯೂಕಿ ಹೊರಡುವ ಹಿಂದಿನ ದಿನ. ಉಳಿಸಿಕೊಂಡವರನ್ನೂ ಕೇಳಬೇಕು, ಉಳಿದವರನ್ನೂ ಕೇಳಬೇಕು. ಎಷ್ಟು ರಾತ್ರಿ ಇದ್ದಳು ಎಂದರೆ ಕಸ್ತೂರವ್ವ ಮುಖ ಸಿಂಡರಿಸಿದಳು. ಮನೆಯಲ್ಲಿ ಉಣ್ಣುವವರ ದಿನ ಎಣಿಸುತ್ತಾರೇನು? ಬಂದವರನ್ನು ಯಾವಾಗ ಹೊರಡುತ್ತೀರಿ ಅಂತ ಕೇಳುವುದು, ಎಷ್ಟು ರೊಟ್ಟಿ ತಿಂದರು ಅಂತ ನೋಡುವುದು, ಎಷ್ಟು ದಿನ ಆಯಿತು ಅಂತ ಲೆಕ್ಕ ಇಡುವುದು, ಈ ಮೂರೂ ಅವರಲ್ಲಿ ಇಲ್ಲ. ಲೆಕ್ಕ ಇಟ್ಟರೆ ಬಂದವರು ಮತ್ತೆ ಬರುವುದಿಲ್ಲ ಅಂತ ನಂಬಿಕೆ. ರಾತ್ರಿಗಳನ್ನು ನಾನೇ ಯೂಕಿಯ ಟಿಕೆಟು ನೋಡಿ ತುಂಬಿದೆ. ಖರ್ಚು? ಒಂದು ಪೈಸೆ ಇಲ್ಲ. ಅದೇ ಮುಂಜಾನೆ ಯೂಕಿ ಕೊಡಲು ಬಂದ ದುಡ್ಡನ್ನು ಕಸ್ತೂರವ್ವ ಆಕೆಯ ಚೀಲಕ್ಕೇ ತುರುಕಿದ್ದಳು. ಉಳಿದದ್ದು ಎಲ್ಲಿ? ಅದಕ್ಕೆ ನಾಲ್ಕು ಕಾಲಂ ಇದ್ದವು: ಹೋಟೆಲು, ಲಾಡ್ಜು, ಹಣ ಕೊಟ್ಟು ಉಳಿದ ಮನೆ, ಬಂಧುಗಳ ಮನೆ. ನಾನು ನಾಲ್ಕನ್ನೂ ಓದಿ ಹೇಳಿದೆ. "ನನ್ನ ಮಗಳಾಗ್ಯಾಳ ಆಕಿ. ಬಂಧುಗಳ ಮನಿ ಅಂತ ಒತ್ತು" ಅಂದಳು. ಓಣಿಯ ಉಳಿದ ಮನೆಗಳಲ್ಲೂ ಅದೇ ಉತ್ತರ, ಬೀಗರು, ಮಗಳು, ನಮ್ಮ ಪಾವಣ್ಯಾರು ಎಂದರೆ ನೆಂಟರು. ಹೇಳಿದ್ದನ್ನು ಹೇಳಿದಂತೆ ಬರೆಯಬೇಕು, ನಿಮ್ಮ ಅಭಿಪ್ರಾಯ ಸೇರಿಸಬಾರದು ಅಂತ ತರಬೇತಿಯಲ್ಲಿ ಹತ್ತು ಸಲ ಹೇಳಿದ್ದರು. ಒತ್ತಿದೆ. ಒತ್ತುವಾಗ ಖುಷಿಯೇ ಆಗಿತ್ತು. ನಾನು ಬಂದರೆ ಯಾವ ಕಾಲಂ ಒತ್ತಬೇಕು ಅಂತ ಒಂದು ಕ್ಷಣ ಯೋಚಿಸಿ, ನಾಲ್ಕನೆಯದು ಅಂತ ನನ್ನಷ್ಟಕ್ಕೆ ಅಂದುಕೊಂಡೆ.

ಯೂಕಿಯನ್ನು ಕುಡಚಿಗೆ ಬಿಟ್ಟು ಬಂದ ಮೇಲೆ ಓಣಿಯಲ್ಲಿ ಎಲ್ಲರಿಗೂ ಒಂದೇ ಧ್ಯಾನ. ಜಪಾನಿನವರು ಬಂದರಲ್ಲ, ಉಳಿದರಲ್ಲ, ಇನ್ನು ಶೆಡ್ಡು ಬಂದಂತೆಯೇ. ಕಸ್ತೂರವ್ವ ಬಾಗಿಲು ಯಾವ ಕಡೆಗೆ ಇದ್ದರೆ ಬೆಳಕು ಚೆನ್ನಾಗಿ ಬರುತ್ತದೆ ಅಂತ ಖಾಲಿ ಜಾಗದಲ್ಲಿ ನಿಂತು ನನಗೆ ತೋರಿಸಿದಳು. ಈ ಮಳೆಗಾಲಕ್ಕಲ್ಲದಿದ್ದರೂ ಬರುವ ಮಳೆಗಾಲಕ್ಕೆ ಕೂಲಿ ತಪ್ಪುತ್ತದೆ ಅಂದಳು. ನಾನೂ ಹೌದು ಹೌದು ಅಂದೆ.

ದ್ರಾಕ್ಷಿ ಕೊಯ್ಲು ಶುರುವಾಗಿತ್ತು. ತೋಟಗಳ ಮಗ್ಗುಲಲ್ಲಿ ಒಣದ್ರಾಕ್ಷಿಯ ಚಪ್ಪರಗಳು ಎದ್ದಿದ್ದವು, ಗಾಳಿ ಬೀಸಿದರೆ ಹುಳಿ ಸಿಹಿ ಎರಡೂ. ಬಿಸಿಲು ಏರುತ್ತಿತ್ತು. ಒಂದು ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ಕಬ್ಬಿನ ಹಾಲು ಕುಡಿಯುತ್ತಿದ್ದೆ, ಸಾಹೇಬರ ಫೋನು ಬಂತು. ಎಂದೂ ಇಲ್ಲದ ಖುಷಿಯ ದನಿ. ಇಡೀ ರಾಜ್ಯದಲ್ಲಿ ನನ್ನ ಮಾಹಿತಿಯೇ ಅತ್ಯಂತ ಶುದ್ಧವಂತೆ. ನಾನು ಇಲ್ಲಿ ಒತ್ತಿದ್ದೂ ಅಲ್ಲಿ ಹೋದ ಮೇಲೆ ಅವರು ಒತ್ತಿದ್ದೂ ಐದಕ್ಕೆ ಐದು ತಾಳೆಯಾಗಿದೆಯಂತೆ. ಯೂಕಿ ತನ್ನ ದೇಶದಲ್ಲಿ ಕೂತು, ಉಳಿದದ್ದು ಎಲ್ಲಿ ಎಂದರೆ ಬಂಧುಗಳ ಮನೆ ಅಂತಲೇ ಒತ್ತಿದ್ದಳು. ನನ್ನ ಕಣ್ಣು ತುಂಬಿ ಬಂತು. ಹಾಗಾದರೆ ಶೆಡ್ಡು ಅಂತ ಕೇಳಿದೆ.

"ಅದು ಹೇಗಾಗುತ್ತಮ್ಮ?" ಅಂದರು. "ಬಂಧುಗಳ ಮನೆಗೆ ಬಂದವರು ಪ್ರವಾಸಿ ಲೆಕ್ಕಕ್ಕೆ ಬರೋದಿಲ್ಲ. ಅವರು ಹೇಗೂ ಬರ್ತಾರೆ. ಅವರಿಗೋಸ್ಕರ ಸರ್ಕಾರ ಯಾಕೆ ಕಟ್ಟಿಸಬೇಕು?"

ಗ್ಲಾಸು ಕೈಯಲ್ಲೇ ಉಳಿಯಿತು. ಹತ್ತಾರು ಸಲ ತರಬೇತಿಯ ಪುಸ್ತಕ ಓದಿದ್ದೆ, ಆ ಸಾಲು ಕಣ್ಣಿಗೆ ಬಿದ್ದೇ ಇರಲಿಲ್ಲವೇ? ಬಿದ್ದಿತ್ತು. ಬಿದ್ದೂ ಈ ಓಣಿಗೆ ಅದು ತಾಗುತ್ತದೆ ಅಂತ ಹೊಳೆದಿರಲಿಲ್ಲ. ಪೆದ್ದಿ, ಶತಪೆದ್ದಿ ಅಂತ ನನ್ನನ್ನು ನಾನೇ ಬೈದುಕೊಂಡೆ. ಬೇಡಿಕೊಂಡ ಮೇಲೆ ಸಾಹೇಬರು ಒಂದು ದಾರಿ ಹೇಳಿದರು. ಶನಿವಾರದೊಳಗೆ ಮನೆಯವರು ತಿದ್ದುಪಡಿಗೆ ಸಹಿ ಹಾಕಿದರೆ, ಹಣ ಕೊಟ್ಟು ಉಳಿದ ಮನೆ ಅಂತ ಬದಲಾಯಿಸಬಹುದು, ದಿನಕ್ಕೆ ಇಷ್ಟು ಅಂತ ಒಂದು ಮೊತ್ತ ತುಂಬಿದರೆ ಸಾಕು. ಕಸ್ತೂರವ್ವನ ಮನೆಯಲ್ಲೇ ಹೆಚ್ಚು ದಿನ ಉಳಿದದ್ದು, ಅದೊಂದು ಬದಲಾದರೆ ಓಣಿ ಪಾಸು.

ಓಡಿದೆ. ಗುರುವಾರ ಮಧ್ಯಾಹ್ನ, ಸುಡುವ ಬಿಸಿಲು. ಕಸ್ತೂರವ್ವ ಹೆಣೆಯುತ್ತಿದ್ದಳು, ಪರಸಪ್ಪ ಒಳಗಿದ್ದ. ಎಲ್ಲವನ್ನೂ ಬಿಡಿಸಿ ಹೇಳಿದೆ. ಮಗಳು ಅಂತ ಬರೆದದ್ದಕ್ಕೇ ಶೆಡ್ಡು ಕೈತಪ್ಪುತ್ತಿದೆ, ರೊಕ್ಕ ಕೊಟ್ಟು ಇದ್ದಳು ಅಂತ ಹೇಳಿಬಿಡಿ, ಯೂಕಿಗೂ ನಾನು ತಿಳಿಸಿ ಹೇಳುತ್ತೇನೆ ಅಂದೆ. ಸುತ್ತಿಗೆ ನಿಂತಿತು. "ಬರಸಿಬಿಡ. ಮಳಿಗಾಲ ಬರಾಕತ್ತೈತಿ" ಅಂತ ಪರಸಪ್ಪ ಒಳಗಿನಿಂದಲೇ ಅಂದ. ಕಸ್ತೂರವ್ವ ಸೆರಗಿಗೆ ಕೈ ಒರೆಸಿಕೊಂಡು ಬರಕೋ ಅಂದಳು. ನನಗೆ ಉಸಿರು ಬಂತು. ಕಾಲಂ ಬದಲಾಯಿಸಿ, ದಿನಕ್ಕೆ ಎಷ್ಟು ಅಂತ ಹಾಕಲಿ ಅಂದೆ.

ಆ ಪ್ರಶ್ನೆಗೆ ಆಕೆಯ ಮುಖ ಬದಲಾಯಿತು.

"ಬ್ಯಾಡ ಯವ್ವಾ" ಅಂದಳು. "ಈ ಊರಾಗ ನಮ್ಮ ಕೈಯಾನ ಚಪ್ಪಲ್ ಮೆಟ್ಟಲಾರದವ್ರ ಯಾರದಾರ? ಬರ್ತಾರ, ಹೊರಗ ನಿಂತ ಅಳತಿ ಕೊಡ್ತಾರ. ನೀರ್ ತರ್ಲೇನ್ರಿ ಅಂದ್ರ ಈಗ ಕುಡದ ಬಂದೀವಿ ಅಂತಾರ. ನಾ ಮದಿವ್ಯಾಗಿ ಬಂದಾಗಿಂದ ನೋಡಾಕತ್ತೀನಿ. ಹೊರಗಿನವ್ರು ನನ್ನ ಒಲಿ ಮುಂದ ಕುಂತ, ಇನ್ನೊಂದ ಹಾಕು ಅಂತ ಕೇಳಿ ಉಂಡವ್ರ ಇಬ್ಬರ. ಆಕಿ ಒಬ್ಬಾಕಿ, ನೀ ಒಬ್ಬಾಕಿ. ಅದನ್ನ ನಾ ಮಾರೀನಿ ಅಂತ ಬರಸಲೇನ?"

ಈಗ ನೆನೆದರೆ ಆ ಮಾತಿಗೆ ಆಕೆಯ ಕಾಲು ಹಿಡಿಯಬೇಕಿತ್ತು. ನಾನು ಮಾಡಿದ್ದೇನು? ಬಿಸಿಲಲ್ಲಿ ಓಡಿ ಬಂದಿದ್ದೆ, ಎರಡೇ ದಿನ ಉಳಿದಿತ್ತು, ನಾಲ್ಕು ತಿಂಗಳ ಸೊನ್ನೆಗಳ ಮೇಲೆ ಒಂದು ಒಳ್ಳೆಯ ಕೆಲಸ ಆಗುತ್ತದೆ ಅಂದುಕೊಂಡಿದ್ದೆ, ಅದು ಕಣ್ಣೆದುರೇ ಜಾರುತ್ತಿತ್ತು. ಮಳೆಗಾಲದಲ್ಲಿ ಕೂಲಿಗೆ ಹೋಗುವವರು ನೀವು, ನಾನಲ್ಲ ಅಂದೆ. ಹೇಳಿದ್ದನ್ನೇ ಹೇಳುತ್ತೀರಿ, ತಲೆಯಲ್ಲಿ ಏನಿದೆ ಅಂದೆ. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಪರ್ಸು ತೆಗೆದೆ. "ನಾನೂ ಮೂರು ತಿಂಗಳು ಉಂಡಿದ್ದೇನಲ್ಲ, ನನ್ನ ಊಟದ ದುಡ್ಡು ತಗೊಳ್ಳಿ. ಆಮೇಲಾದರೂ ಬರೆಸಲು ಮನಸ್ಸು ಬರುತ್ತಾ ನೋಡೋಣ" ಅಂದು ಇದ್ದ ನೋಟುಗಳನ್ನು ಆಕೆಯ ಮುಂದೆ, ಹೆಣೆಯುತ್ತಿದ್ದ ತೊಗಲಿನ ಮೇಲೆ ಇಟ್ಟೆ.

ಕಸ್ತೂರವ್ವ ಬೈಯಲಿಲ್ಲ. ನೋಟುಗಳನ್ನು ಮುಟ್ಟಲೂ ಇಲ್ಲ. ಮೊಣಕಾಲ ಮೇಲೆ ಕೈ ಊರಿ ಎದ್ದು ನಿಂತಳು.

"ಒಳಗ ಇಟ್ಕೋರಿ, ಬಾಯಾರ" ಅಂದಳು.

ನಾನು ನೋಟು ಎತ್ತಿಕೊಂಡು ಹೊರಬಂದೆ. ಶನಿವಾರ ಬಂತು, ಹೋಯಿತು. ಪಟ್ಟಿ ಬಂದಾಗ ಅಥಣಿಯ ಹೆಸರು ಅದರಲ್ಲಿರಲಿಲ್ಲ. ಇನ್ನೂ ಎರಡು ವಾರ ನನ್ನ ಕೆಲಸವಿತ್ತು. ಆ ಎರಡು ವಾರ ನಾನು ಓಣಿಯ ಕಡೆ ಹೋಗಲಿಲ್ಲ, ಬಸ್ ಸ್ಟ್ಯಾಂಡಿಗೆ ಸುತ್ತು ಹಾಕಿ ಬೇರೆ ದಾರಿಯಲ್ಲಿ ಹೋಗುತ್ತಿದ್ದೆ. ಹೋಗಿ ಶೆಡ್ಡು ಬರುವುದಿಲ್ಲ ಅಂತ ಹೇಳಿ ಬರುವಷ್ಟು ನಿಯತ್ತಾದರೂ ಇರಬೇಕಿತ್ತು. ಇರಲಿಲ್ಲ. ಅಂಜಿಕೆ ಅನ್ನಿ, ಅಹಂಕಾರ ಅನ್ನಿ. ಹೋಟೆಲಿನಲ್ಲಿ ಇಡ್ಲಿ ತಿಂದು ರೂಮಿನಲ್ಲಿ ಮಲಗುತ್ತಿದ್ದೆ. ಯುಗಾದಿಯ ಹಿಂದಿನ ದಿನ ಟ್ಯಾಬು ವಾಪಸು ಕೊಟ್ಟು ಬೆಳಗಾವಿಯ ಬಸ್ಸು ಹತ್ತಿದೆ. ಕಳಿಸಲು ಯಾರೂ ಬಂದಿರಲಿಲ್ಲ, ಬರುವವರಿಗೆ ನಾನು ಹೇಳಿಯೂ ಇರಲಿಲ್ಲ. ಆಮೇಲೆ ಈ ನಾಲ್ಕು ವರ್ಷ ಎಷ್ಟೋ ಸಲ ಫೋನು ಎತ್ತಿದ್ದೇನೆ, ಇಟ್ಟಿದ್ದೇನೆ. ಈಗ ನಾನಿರುವುದು ಹುಬ್ಬಳ್ಳಿಯ ಒಂದು ಬಾಡಿಗೆ ಮನೆಯಲ್ಲಿ, ಒಬ್ಬಳೇ. ಭಾನುವಾರ ಪೂರ್ತಿ ಬಾಯಿ ತೆರೆದು ಒಂದು ಮಾತೂ ಆಡಿರುವುದಿಲ್ಲ ಎಂಬುದು ಸೋಮವಾರ ಆಫೀಸಿನಲ್ಲಿ ಗಂಟಲು ಕಟ್ಟಿಕೊಂಡಾಗ ಗೊತ್ತಾಗುತ್ತದೆ.

ಆ ಚಪ್ಪಲಿಯ ಡಬ್ಬಿ ಬಂದ ವಾರವೇ, ಎರಡನೇ ಶನಿವಾರ, ಅಥಣಿಗೆ ಹೋದೆ. ಒಂದು ಮಳೆ ಆಗಲೇ ಬಿದ್ದಿತ್ತು. ದಾರಿಯುದ್ದಕ್ಕೂ ಹೇಗೆ ಕ್ಷಮೆ ಕೇಳಬೇಕು ಅಂತ ಬಾಯಿಪಾಠ ಮಾಡಿಕೊಂಡು ಹೋದೆ. ಓಣಿಯಲ್ಲಿ ಖಾಲಿ ಜಾಗ ಖಾಲಿಯೇ ಇತ್ತು, ಯಾರದೋ ಎಮ್ಮೆ ಕಟ್ಟಿತ್ತು. ಕಸ್ತೂರವ್ವ ಮನೆಯಲ್ಲಿದ್ದಳು, ಕೂಲಿ ಇನ್ನೂ ಶುರುವಾಗಿರಲಿಲ್ಲ. ಕಣ್ಣು ಸಣ್ಣದು ಮಾಡಿ ನನ್ನ ಮುಖ ನೋಡಿದಳು. ಗುರುತು ಹಿಡಿದಳು, ಹೆಸರು ಹಿಡಿದೇ ಕರೆದಳು, ಕೈ ಮುಗಿದಳು. ಪರಸಪ್ಪನಿಗೆ ಹೋದ ವರ್ಷ ಎದೆನೋವು ಬಂದು ಈಗ ಸುತ್ತಿಗೆ ಹಿಡಿಯುವುದಿಲ್ಲ ಅಂದಳು. ಯೂಕವ್ವ ಎರಡು ಸಲ ಬಂದು ಹೋದಳು ಅಂದಳು. ಹೋದ ಸಲ ತಾಯಿಯನ್ನೂ ಕರೆದುಕೊಂಡು ಬಂದಿದ್ದಳಂತೆ. ಶೆಡ್ಡಿನ ಮಾತು ತೆಗೆಯಲೇ ಇಲ್ಲ.

ನಾನು ಕಟ್ಟೆಯ ಮೇಲೆ ಕೂರಲು ಹೋದೆ. ತಡೀರಿ ಅಂದು ಎದುರು ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತಂದು, ಸೆರಗಿನಿಂದ ಒರೆಸಿ ಹಾಕಿದಳು. ಕೂತೆ. ಅವತ್ತು ನಾನು ಮಾಡಿದ್ದು ತಪ್ಪಾಯಿತು ಅಂತ ಶುರು ಮಾಡಿದೆ, ಬಾಯಿಪಾಠವೆಲ್ಲ ಮರೆತುಹೋಗಿತ್ತು. "ಯಾಕ ಬಿಡ್ರಿ, ನಿಮ್ಮ ಡೂಟಿ ನೀವು ಮಾಡಿದ್ರಿ" ಅಂದಳು. ಮನಸ್ಸಿನಲ್ಲಿ ಏನೂ ಇಟ್ಟುಕೊಂಡ ಹಾಗೆ ಕಾಣಲಿಲ್ಲ. ಒಳಗೆ ಹೆಂಚು ಕಾದ ವಾಸನೆ ಬರುತ್ತ ಇತ್ತು. ನನಗೆ ಹಸಿವಾಗಿತ್ತು, ಮುಂಜಾನೆಯಿಂದ ಬೇಕೆಂದೇ ಏನೂ ತಿಂದಿರಲಿಲ್ಲ. ಬಿಸಿಲಲ್ಲಿ ಬಂದೀರಿ, ಕುಂಡ್ರಿ, ಬಂದೆ ಅಂದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದಳು. ಮೂಲೆಯ ಅಂಗಡಿಯ ತನಕ ನಿಧಾನ ನಡೆದು ಹೋಗಿ ಬರುವುದನ್ನು ಕುರ್ಚಿಯಲ್ಲಿ ಕೂತು ನೋಡಿದೆ. ವಾಪಸು ಬಂದು ಒಂದು ನೀರಿನ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದಳು.

"ತಗೋರಿ ಬಾಯಾರ. ಸೀಲ್ ಹಂಗ ಐತಿ, ನಾ ಏನ್ ಒಡದಿಲ್ಲ" ಅಂದಳು.